ನಲವತ್ತರಲ್ಲಿ ಒಂದು ಪಾಲು

ಮೊನ್ನೆ ಹುಲ್ಲಹಳ್ಳಿಗೆ ಹೋಗಿದ್ದಾಗ ಅಕ್ಕನ ಮಗ ಮುಖ ಊದಿಸಿಕೊಂಡು ಕೂತಿದ್ದ. ಒಂಬತ್ತನೇ ಕ್ಲಾಸು. ಜೊತೆಯ ಹುಡುಗ ಹೊಸ ಫೋನ್ ತಗೊಂಡಿದಾನಂತೆ, ಇವನಿಗೂ ಅಂಥದ್ದೇ ಬೇಕಂತೆ! "ದುಡ್ಡು, ವಸ್ತು ಇವೇ ಮುಖ್ಯ ಅಲ್ಲ ಕಣೋ..." ಅಂತ ಶುರು ಮಾಡಿದೆ. "ಮತ್ತೆ ನೀನ್ಯಾಕೆ ಮಾಮ ವರ್ಷಕ್ಕೊಂದು ಫೋನ್ ತಗೋತೀಯಾ?" ಅಂದ. ನನ್ನ ಬಾಯಿ ಬಂದ್!

ನಾವು ನೀತಿ ಪಾಠ ಹೇಳೋದೇ ಹೀಗೆ ಅಲ್ವಾ? ಬೋರ್ಡಿನ ಮೇಲೆ 'ಅತಿಯಾಸೆ ಗತಿಗೇಡು' ಅಂತ ಬರೆದರೆ ಮುಗೀತು. ಆಸೆ ಎಷ್ಟಾದರೆ ಅತಿ ಅನ್ನೋದನ್ನ ಯಾರೂ ಹೇಳಲ್ಲ.

ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನ ಗೆಳೆಯ ಪ್ರತಿ ರಂಜಾನ್‌ನಲ್ಲಿ ಒಂದು ಎಕ್ಸೆಲ್ ಶೀಟ್ ತೆರೆದು ಕೂರ್ತಾನೆ. ಝಕಾತ್ ಲೆಕ್ಕ. ಬ್ಯಾಂಕಿನ ದುಡ್ಡು, ಬಂಗಾರ, ಬೆಳ್ಳಿ ಎಲ್ಲ ಕೂಡಿಸಿ ತೀರಿಸಬೇಕಾದ ಸಾಲ ಕಳೀತಾನೆ. ವಾಸದ ಮನೆ, ಓಡಾಡೋ ಬೈಕು ಲೆಕ್ಕಕ್ಕಿಲ್ಲ. ಉಳಿದದ್ದು 'ನಿಸಾಬ್' ಅನ್ನೋ ಮಿತಿ ದಾಟಿ ಒಂದು ಚಾಂದ್ರ ವರ್ಷ ಕಳೆದಿದ್ದರೆ ಶೇ. 2.5, ಅಂದ್ರೆ ನಲವತ್ತರಲ್ಲಿ ಒಂದು ಪಾಲು ಕೊಡಬೇಕು. ಯಾರಿಗೆ ಸಲ್ಲಬೇಕು ಅಂತ ಎಂಟು ಬಗೆಯ ಜನರ ಪಟ್ಟಿ ಕುರ್‌ಆನಿನಲ್ಲೇ ಇದೆ. ಬಡವರು, ಸಾಲದಲ್ಲಿ ಮುಳುಗಿದವರು, ದಾರಿಹೋಕರು... "ಇದು ದಾನ ಅಲ್ಲ ಮಾರಾಯ, ಅವರ ಹಕ್ಕು" ಅಂತಾನೆ ಅವನು.

ನನಗೆ ಇಷ್ಟ ಆಗಿದ್ದು ಇದೇ. ಇಸ್ಲಾಂ ದುಡ್ಡು ಮಾಡಬೇಡ ಅನ್ನಲ್ಲ, ಪ್ರವಾದಿ ಮುಹಮ್ಮದರೇ ವ್ಯಾಪಾರ ಮಾಡಿದವರು. ಬಡ್ಡಿ ಬೇಡ, ದುಂದು ಬೇಡ, ಕೂಡಿಟ್ಟಿದ್ದರಲ್ಲಿ ಇನ್ನೊಬ್ಬರ ಪಾಲು ಮರೀಬೇಡ ಅನ್ನುತ್ತೆ. ಕುರ್‌ಆನಿನ 102ನೇ ಅಧ್ಯಾಯ ಪೂರ್ತಿ, 'ನನಗೆ ಹೆಚ್ಚು, ನನಗೆ ಹೆಚ್ಚು' ಅನ್ನೋ ಪೈಪೋಟಿಯ ಮೇಲೇ ಇದೆ. ನನ್ನ ಅಳಿಯನ ಫೋನಿನ ಕಥೆಯೂ ಅದೇ ತಾನೆ?

"ಸರ್ಕಾರಿ ಶಾಲೇಲಿ ಇಸ್ಲಾಂ ಪಾಠ ಯಾಕ್ರೀ?" ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಪೂರ್ತಿ ಸರ್ಕಾರದ ದುಡ್ಡಲ್ಲಿ ನಡೆಯೋ ಶಾಲೆಗಳಲ್ಲಿ ಧರ್ಮಬೋಧನೆ ಕೂಡದು ಅಂತ ಸಂವಿಧಾನದ 28ನೇ ವಿಧಿ ಹೇಳುತ್ತೆ. ಆದರೆ ಧರ್ಮಗಳ ಬಗ್ಗೆ ತಿಳಿಸೋದು ಬೇರೆ, ಧರ್ಮಬೋಧನೆ ಬೇರೆ ಅಂತ 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2022ರಲ್ಲಿ ಶಾಲೆಗಳಲ್ಲಿ ಭಗವದ್ಗೀತೆ ಕಲಿಸೋ ಮಾತು ಬಂದಾಗ ಯಾವ ಗ್ರಂಥ ಅಂತ ಕಿತ್ತಾಡಿದೆವೇ ಹೊರತು, ಮಕ್ಕಳಿಗೆ ಏನು ಕಲಿಸಬೇಕು ಅಂತ ಎಷ್ಟು ಜನ ಕೇಳಿದೆವು? ಬಸವಣ್ಣನವರ ದಾಸೋಹ, ಜೈನರ ಅಪರಿಗ್ರಹದ ಪಕ್ಕದಲ್ಲೇ ಝಕಾತನ್ನೂ ಇಡಿ. ಎಲ್ಲ ಮಕ್ಕಳಿಗೂ ಹೇಳಿ. ನಮಾಜು, ಪೂಜೆ ಮನೆಯಲ್ಲಿರಲಿ.

ನಮ್ಮೂರ ಹತ್ತಿರ ಕಪಿಲೆಗೆ ಅಡ್ಡಲಾಗಿ ಅಣೆ ಇದೆ. ಅದು ನೀರನ್ನ ತಡೆಯೋದು ನಾಲೆಗೆ ತಿರುಗಿಸೋಕೆ, ಕೂಡಿಡೋಕಲ್ಲ. ಅಳಿಯನಿಗೆ ಅಷ್ಟು ಹೇಳಿ, ಅವನ ಹುಂಡಿಯ 1,200 ರೂಪಾಯಿಗೆ ಲೆಕ್ಕ ಹಾಕಿಸಿದೆ. 30 ರೂಪಾಯಿ ಬಂತು. ಅಷ್ಟು ಸಣ್ಣ ಮೊತ್ತಕ್ಕೆ ಝಕಾತ್ ಇಲ್ಲ, ಲೆಕ್ಕ ತಿಳೀಲಿ ಅಂತ ಅಷ್ಟೇ. "ನಿಂದೆಷ್ಟು ಮಾಮ?" ಅಂದ.

ಲೆಕ್ಕ ಹಾಕಿದೆ. ಇಷ್ಟು ಸಂಬಳ ಬಂದರೂ, ಕ್ರೆಡಿಟ್ ಕಾರ್ಡು, ಇಎಂಐ ಕಳೆದರೆ ವರ್ಷ ಪೂರ್ತಿ ಉಳಿದದ್ದು ಏನೂ ಇರಲಿಲ್ಲ! ಹಾಗಾದ್ರೆ ಪಾಠ ಬೇಕಿರೋದು ಯಾರಿಗೆ? ನೀವೇನಂತೀರಿ?