ಓಡಲಿಕ್ಕೆ ಸಿದ್ದಿ ಬೇಕು, ಸೀಟಿ ಊದಲಿಕ್ಕೆ ಬೇಡವೆ?

ಏಪ್ರಿಲ್ ಬಂತೆಂದರೆ ಬಜಪೆ ಪೇಟೆಯ ಕರೆಂಟು ಕಂಬಗಳಿಂದ ಹಿಡಿದು ನಮ್ಮ ವಾಟ್ಸ್ಯಾಪ್ ಗ್ರೂಪುಗಳವರೆಗೆ ಬೇಸಿಗೆ ಶಿಬಿರದ ಪೋಸ್ಟರುಗಳದ್ದೇ ಕಾರುಬಾರು. ಇಂಥ ಪೋಸ್ಟರುಗಳನ್ನು ಸ್ವಲ್ಪ ಗಮನವಿಟ್ಟು ನೋಡಿ. ಓಟದ ಚಿತ್ರ ಬೇಕಾದರೆ ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳುವುದು ಕಪ್ಪು ಮೈಯ ಓಟಗಾರನನ್ನು. ಕೋಚ್ ಚಿತ್ರ ಬೇಕಾದರೆ, ಟೋಪಿ ಹಾಕಿ ಕೊರಳಲ್ಲಿ ಸೀಟಿ ತೂಗಿಸಿಕೊಂಡ ಬಿಳಿಯನನ್ನು. ಡಿಟಿಪಿ ಅಂಗಡಿಯ ಹುಡುಗನನ್ನು ಬೈದು ಪ್ರಯೋಜನವಿಲ್ಲ. ದೇಶದ ಸರಕಾರವೇ ಅವನಿಗಿಂತ ಬಹಳ ಮುಂಚೆ ಇದೇ ಲೆಕ್ಕ ಹಾಕಿತ್ತು. ಅದೂ ಉಡುಪಿ ದಾಟಿದರೆ ಸಿಗುವ ಉತ್ತರ ಕನ್ನಡದಲ್ಲಿ.

1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ, ಅಂದರೆ ಸಾಯ್, ತನ್ನ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಮಕ್ಕಳನ್ನು ಆರಿಸಿತು. ಆಗ ಕ್ರೀಡಾ ಖಾತೆಯ ರಾಜ್ಯ ಸಚಿವೆ ಮಾರ್ಗರೆಟ್ ಆಳ್ವ, ನಮ್ಮ ಮಂಗಳೂರಿನಲ್ಲೇ ಹುಟ್ಟಿದವರು. ಯೋಜನೆಯ ಹಿಂದಿದ್ದ ತರ್ಕ ಸರಳ: ಇವರ ಹಿರಿಯರು ಆಫ್ರಿಕಾದವರು, ಆಫ್ರಿಕಾದವರು ಓಡುತ್ತಾರೆ, ಆದ್ದರಿಂದ ಇವರೂ ಓಡಿಯಾರು. ಪೋರ್ಚುಗೀಸರ ಕಾಲದಿಂದ ಗುಲಾಮರಾಗಿ ಬಂದು, ಘಟ್ಟದ ಕಾಡಿನಲ್ಲಿ ತಲೆಮಾರುಗಳನ್ನು ಕಳೆದು, ಕೊಂಕಣಿ ಬೆರೆತ ಮಾತಾಡಿ, ಕನ್ನಡ ಶಾಲೆಗೆ ಹೋದ ಮಕ್ಕಳು ದಿಲ್ಲಿಯ ಕಣ್ಣಿಗೆ ಕೀನ್ಯಾದವರಾಗಿ ಕಂಡರು. ಕೂದಲು ಗುಂಗುರಾಗಿತ್ತಲ್ಲ, ಅಷ್ಟು ಸಾಕಿತ್ತು.

ಆ ಮಕ್ಕಳು ನಿಜಕ್ಕೂ ಓಡಿದರು ಎನ್ನುವುದು ಬೇರೆ ಮಾತು. ಕಮಲಾ ಸಿದ್ದಿ, ಜೂಜೆ ಜಾಕಿ ಹರ್ನೋಡ್ಕರ್ ಅವರಂಥ ಹೆಸರುಗಳು ಮೇಲೆ ಬಂದದ್ದು ಆಗಲೇ. ಆದರೆ 1993ರಲ್ಲಿ ಈ ಯೋಜನೆಯನ್ನು ಮುಚ್ಚಲಾಯಿತು. ಮೊದಲ ವರ್ಷ ಹನ್ನೆರಡನೆಯ ವಯಸ್ಸಿನಲ್ಲಿ ಆಯ್ಕೆಯಾದ ಮಗುವಿಗೆ ಆಗ ಹದಿನೆಂಟು. ಓಟಗಾರ ಪಳಗುವ ಹೊತ್ತಿಗೆ ಹಾಸ್ಟೆಲ್ ಬಾಗಿಲು ಹಾಕಿತು. ಕೆಲವರು ಕ್ರೀಡಾ ಕೋಟಾದಲ್ಲಿ ಕೆಲಸ ಹಿಡಿದರು, ಎಷ್ಟೋ ಮಂದಿ ಊರಿಗೆ, ಕೂಲಿಗೆ ಮರಳಿದರು.

ಈ ಕತೆಯನ್ನು ಪತ್ರಿಕೆಗಳು ಬರೆದಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: ಸಿದ್ದಿಗಳಿಂದ ಒಲಿಂಪಿಕ್ಸ್ ಪದಕ ಯಾಕೆ ಬರಲಿಲ್ಲ? ನಾವು ಕೇಳುವುದು ಬೇರೆ. ಸಿದ್ದಿ ಕೋಚ್‌ಗಳ ಒಂದು ತಲೆಮಾರು ಯಾಕೆ ಬರಲಿಲ್ಲ? ಯೋಜನೆ ಹುಡುಕಿದ್ದು ಕಾಲುಗಳನ್ನು. ಆ ಕಾಲುಗಳ ಮೇಲೆ ಒಂದು ತಲೆಯೂ ಉಂಟು, ನಾಳೆ ಅದು ಇನ್ನೊಬ್ಬರಿಗೆ ಕಲಿಸಬಹುದು ಎಂದು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

'ಹುಟ್ಟಾ ಓಟಗಾರ' ಎನ್ನುವುದು ಹೊಗಳಿಕೆಯಲ್ಲವೆ ಎಂದು ಕೇಳುವವರಿದ್ದಾರೆ. ಇದರಷ್ಟು ದುಬಾರಿ ಹೊಗಳಿಕೆ ಇನ್ನೊಂದಿಲ್ಲ. ಗೆದ್ದದ್ದು ರಕ್ತದಿಂದ ಎಂದ ಮೇಲೆ ಬೆಳಗ್ಗೆ ಐದಕ್ಕೆ ಎದ್ದದ್ದು, ಹೆಜ್ಜೆ ಎಣಿಸಿ ಹರ್ಡಲ್ಸ್ ಕಲಿತದ್ದು, ಗಾಯ ನಿಭಾಯಿಸಿದ್ದು ಯಾವುದಕ್ಕೂ ಲೆಕ್ಕವಿಲ್ಲ. ಕಲಿಯದೆ ಬಂದದ್ದನ್ನು ಅವನು ಕಲಿಸುವುದಾದರೂ ಹೇಗೆ? ಹಾಗಾಗಿ ಕೋಚ್ ಹುದ್ದೆಗೆ ಬೇರೆಯವರನ್ನು ನೋಡಿ. ತರ್ಕ ಹೀಗೆ ತನ್ನಷ್ಟಕ್ಕೆ ಮುಗಿಯುತ್ತದೆ, ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಬಾಯಿಬಿಟ್ಟು ಹೇಳಿದವನೂ ಒಬ್ಬನಿದ್ದ. ಅದೇ 1987ರ ಏಪ್ರಿಲ್‌ನಲ್ಲಿ ಅಮೆರಿಕದ ಬೇಸ್‌ಬಾಲ್ ತಂಡವೊಂದರ ಹಿರಿಯ ಅಧಿಕಾರಿ ಅಲ್ ಕ್ಯಾಂಪನಿಸ್, ತಂಡ ನಡೆಸಲು ಬೇಕಾದ ಕೆಲವು ಗುಣಗಳು ಕರಿಯರಲ್ಲಿ ಇಲ್ಲದಿರಬಹುದು ಎಂದು ಟಿ.ವಿ.ಯಲ್ಲಿ ಹೇಳಿ ಕೆಲಸ ಕಳೆದುಕೊಂಡ. ಅಲ್ಲಿನ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಆಟಗಾರರಲ್ಲಿ ಹೆಚ್ಚಿನವರು ಕರಿಯರು, ಮುಖ್ಯ ಕೋಚ್‌ಗಳಲ್ಲಿ ಬೆರಳೆಣಿಕೆಯವರು. ಕೋಚ್ ನೇಮಕಕ್ಕೆ ಮುಂಚೆ ಅಲ್ಪಸಂಖ್ಯಾತ ಸಮುದಾಯದವರನ್ನೂ ಸಂದರ್ಶನಕ್ಕೆ ಕರೆಯಲೇಬೇಕೆಂದು 2003ರಲ್ಲಿ 'ರೂನಿ ನಿಯಮ' ತಂದರು. 2022ರಲ್ಲಿ ಬ್ರಯಾನ್ ಫ್ಲೋರೆಸ್ ಎಂಬ ಕೋಚ್, ನನ್ನನ್ನು ಕರೆದದ್ದು ನಿಯಮದ ಶಾಸ್ತ್ರಕ್ಕೆ ಮಾತ್ರ ಎಂದು ಕೋರ್ಟಿಗೆ ಹೋದರು. ಅಲ್ಲಿ ಕನಿಷ್ಠ ಜಗಳವಾದರೂ ಉಂಟು. ನಮ್ಮಲ್ಲಿ ಪ್ರಶ್ನೆಯೇ ಹುಟ್ಟಿಲ್ಲ.

ಕೀನ್ಯಾದ ಓಟವನ್ನೇ ನೋಡಿ. ಜಗತ್ತಿನ ಪತ್ರಿಕೆಗಳು ಅದರ ಪಿತಾಮಹ ಎಂದು ಕೊಂಡಾಡುವುದು ಐರ್ಲೆಂಡಿನ ಬ್ರದರ್ ಕಾಲ್ಮ್ ಒಕಾನಲ್ ಅವರನ್ನು. 1976ರಲ್ಲಿ ಇಟೆನ್‌ನ ಶಾಲೆಗೆ ಭೂಗೋಳ ಕಲಿಸಲು ಹೋದವರು, ಅಥ್ಲೆಟಿಕ್ಸ್‌ನ ಹಿನ್ನೆಲೆ ಇರಲಿಲ್ಲ, ನಿಂತು ಕಲಿತು ಡೇವಿಡ್ ರುಡಿಶಾರಂಥವರನ್ನು ಬೆಳೆಸಿದರು. ದೊಡ್ಡ ಮನುಷ್ಯರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲಿಯುಡ್ ಕಿಪ್‌ಚೋಗೆಯನ್ನು ರೂಪಿಸಿದ ಪ್ಯಾಟ್ರಿಕ್ ಸಾಂಗ್, ಸ್ವತಃ 1992ರ ಒಲಿಂಪಿಕ್ಸ್ ಸ್ಟೀಪಲ್‌ಚೇಸ್ ಬೆಳ್ಳಿ ಗೆದ್ದ ಕೀನ್ಯಾದವರು, ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಬಿಳಿಯ ಕಲಿತು ಕಲಿಸಿದರೆ ವಿದ್ಯೆ. ಕರಿಯ ಕಲಿಸಿದರೆ, ಅಯ್ಯೋ, ಅವರ ರಕ್ತದಲ್ಲೇ ಉಂಟು ಮಾರಾಯ್ರೆ.

ಬಣ್ಣದ ಮಾತು ಬಿಟ್ಟರೂ ಈ ಚಾಳಿ ನಮ್ಮ ಪಕ್ಕದಲ್ಲೇ ಕಂಡಿತು. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ಬೋಲ್ಟ್ ಬೋಲ್ಟ್ ಎಂದು ಕೂಗಿತು. ಎಲ್ಲರೂ ಅವರ ಮೈಕಟ್ಟಿನ ಫೋಟೊ ಹಂಚಿದರು. ಅವರು ಗುಣಪಾಲ ಕಡಂಬರ ಕಂಬಳ ಅಕಾಡೆಮಿಯಲ್ಲಿ ತರಬೇತಿ ಪಡೆದವರು ಎನ್ನುವುದು ದಿಲ್ಲಿಯ ವರದಿಗಾರರಿಗೆ ಬೇಕಿರಲಿಲ್ಲ.

ಕೋಚ್ ಆಗಲು ಅರ್ಹತೆ ಬೇಕಲ್ಲವೆ, ಮುಖ ನೋಡಿ ಕೊಡಲಾಗುತ್ತದೆಯೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಮುಖ ನೋಡಿ ಕೊಡಬೇಡಿ ಎಂದೇ ನಾವೂ ಹೇಳುತ್ತಿರುವುದು. ಪಟಿಯಾಲದ ಡಿಪ್ಲೊಮಾಕ್ಕೆ, ಬಿ.ಪಿ.ಎಡ್‌ಗೆ ಓದು, ಇಂಗ್ಲಿಷು, ದುಡ್ಡು ಬೇಕು. ಅರ್ಧದಲ್ಲಿ ಮನೆಗೆ ಕಳಿಸಿದ ಮಕ್ಕಳ ಹತ್ತಿರ ಆ ಸರ್ಟಿಫಿಕೇಟು ಎಲ್ಲಿಂದ ಬರಬೇಕು? ಅದನ್ನೂ ದಾಟಿ ಒಬ್ಬ ಸಿದ್ದಿ ಯುವಕ ಅರ್ಜಿ ಹಾಕಿದ ಎನ್ನೋಣ. ನಮ್ಮ ಕಡೆಯ ಖಾಸಗಿ ಶಾಲೆಗಳ ಜಾಹೀರಾತಿನಲ್ಲಿ ದೈಹಿಕ ಶಿಕ್ಷಕರಿಗೆ 'ಆಕರ್ಷಕ ವ್ಯಕ್ತಿತ್ವ' ಇರಬೇಕೆಂದು ಬರೆಯುವುದುಂಟು. ಆ ಎರಡು ಪದ ಯಾರನ್ನು ಒಳಗೆ ಬಿಡುತ್ತದೆ, ಯಾರನ್ನು ಗೇಟಿನಲ್ಲೇ ನಿಲ್ಲಿಸುತ್ತದೆ ಎಂದು ವಿವರಿಸಬೇಕೆ? ಕನ್ನಡ ಮಾತಾಡುವ ಸಿದ್ದಿಗೆ ಬೆಂಗಳೂರಿನಲ್ಲಿ 'ಯಾವ ದೇಶ?' ಎಂದು ಕೇಳುವ ನಾಡು ಇದು.

ಉತ್ತರ ಕನ್ನಡದ ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡದಲ್ಲಿದ್ದಾರೆ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಶಾಸನಸಭೆಯಲ್ಲಿ ಕೂರಬಹುದಾದವರು ಮೈದಾನದ ಅಂಚಿನಲ್ಲಿ ಸ್ಟಾಪ್‌ವಾಚ್ ಹಿಡಿದು ನಿಲ್ಲಲಿಕ್ಕೆ ಏನಡ್ಡಿ?

ಕ್ರೀಡಾ ಇಲಾಖೆಗೆ ನಾವು ಕೇಳುವುದು ಇಷ್ಟು. ಸಿದ್ದಿ ಮಕ್ಕಳಿಗಾಗಿ ಮಾಡುವ ಯಾವ ಯೋಜನೆಗೂ, ಓಡಿ ಮುಗಿಸಿದ ಸಿದ್ದಿಗಳನ್ನೇ ಸಂಬಳ ಕೊಟ್ಟು ಸಹಾಯಕ ಕೋಚ್ ಮಾಡಿ, ಕೆಲಸದಲ್ಲಿದ್ದಂತೆಯೇ ಡಿಪ್ಲೊಮಾ ಓದಿಸಿ, ಆ ಖರ್ಚನ್ನು ಯೋಜನೆಯ ಒಳಗೇ ಬರೆಯಿರಿ. ಶಾಲೆಗಳಿಗೂ ಒಂದು ಮಾತು: ಅರ್ಜಿಯಿಂದ ಫೋಟೊ ತೆಗೆಯಿರಿ. ಸಂದರ್ಶನದ ದಿನ ಅಭ್ಯರ್ಥಿಗೆ ಇಪ್ಪತ್ತು ಮಕ್ಕಳನ್ನೂ ಅರ್ಧ ಗಂಟೆಯನ್ನೂ ಕೊಟ್ಟು, ಕಲಿಸುವುದನ್ನು ನೋಡಿ ಅಂಕ ಹಾಕಿ.