ತಕ್ಕಡಿ ಏಳುವ ಮುನ್ನ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಹೊಳೆಯೆಂದರೆ ಮಳೆಗಾಲದ ನೆಂಟ, ಬೇಸಾಯವೆಂದರೆ ಕೊಳವೆಬಾವಿ. ಪಂಪಿನ ಷಾಫ್ಟು ಸವೆದರೆ ರೈತನು ಓಡುವುದು ಪೇಟೆಯ ಲೇತ್ ಅಂಗಡಿಗೆ. ಅಂಥ ಅಂಗಡಿಯ ಮೂಲೆಯಲ್ಲಿ ಎಣ್ಣೆ ಕುಡಿದ ಮರದ ಪೆಟ್ಟಿಗೆಯೊಂದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ತಂದೆಯ ಕಾಲಾನಂತರ ಮಗನು ಅದನ್ನು ತೆರೆದರೆ ಕಾಣುವುದು ಹೆಸರು ತಿಳಿಯದ ಕಬ್ಬಿಣದ ತುಂಡುಗಳು. "ಇದ್ರಲ್ಲೇನಿದೆ ಅಣ್ಣಾ, ತೂಕಕ್ಕೆ ಹಾಕಿಬಿಡಿ" ಎನ್ನುತ್ತಾನೆ ಗುಜರಿಯವನು.

ತಕ್ಕಡಿ ಏಳುವ ಮುನ್ನ ಅವುಗಳ ಕುಲಗೋತ್ರವನ್ನು ವಿಚಾರಿಸುವುದು ಲೇಸು.

ಭಾರವಾದ ದುಂಡು ಬಿಲ್ಲೆಗೆ ಮೂರು ದವಡೆಗಳಿದ್ದರೆ ಅದು ತ್ರೀ-ಜಾ ಚಕ್. ಕೀಲಿ ತಿರುಗಿಸಿದರೆ ಮೂರೂ ಒಟ್ಟಿಗೆ ಸರಿದು ದುಂಡು ಸರಳನ್ನು ನಡುವೆ ಹಿಡಿಯುತ್ತವೆ. ದವಡೆಗಳ ಮೇಲೆ 1, 2, 3 ಎಂಬ ಅಂಕಿಗಳಿರುತ್ತವೆ. ಆ ಕ್ರಮ ತಪ್ಪಿ ಕೂರಿಸಿದರೆ ಕೇಂದ್ರವೇ ತಪ್ಪುತ್ತದೆ. ದವಡೆ ನಾಲ್ಕಿದ್ದು ಒಂದೊಂದೂ ಬೇರೆಬೇರೆಯಾಗಿ ಸರಿದರೆ, ಅದು ಚೌಕ ಹಾಗೂ ಅಂಕುಡೊಂಕಿನ ಎರಕಗಳಿಗೆ ಮೀಸಲು. ಸೀಳುಗಂಡಿಗಳ ಅಗಲ ತಟ್ಟೆ ಫೇಸ್ ಪ್ಲೇಟ್. ದೊಡ್ಡ ವಸ್ತುಗಳನ್ನು ಅದಕ್ಕೆ ಬೋಲ್ಟಿನಿಂದ ಬಿಗಿಯುತ್ತಾರೆ. ಬಾಲವುಳ್ಳ ಬಳೆಯಂಥದು ಕ್ಯಾರಿಯರ್. ಎರಡು ಸೆಂಟರುಗಳ ನಡುವಣ ಷಾಫ್ಟನ್ನು ತಿರುಗಿಸುವುದು ಅದರ ಕೆಲಸ. ಮೂರು ಬೆರಳುಗಳ ಕಮಾನು ಸ್ಟೆಡಿ. ಉದ್ದನೆಯ ಷಾಫ್ಟು ಬಳುಕದಂತೆ ಅದು ನಡುವೆ ಆತುಕೊಳ್ಳುತ್ತದೆ. ಪಂಪಿನ ಕೆಲಸಕ್ಕೆ ಅದಿಲ್ಲದೆ ಕೈ ಕಟ್ಟಿದಂತೆಯೇ ಸರಿ.

ಇನ್ನು ಹಲ್ಲುಚಕ್ರಗಳು. ಅವುಗಳಲ್ಲಿ ದೊಡ್ಡದೊಂದರ ಹಲ್ಲುಗಳನ್ನು ತಾಳ್ಮೆಯಿಂದ ಎಣಿಸಬೇಕು. ಲೆಕ್ಕ 127ಕ್ಕೆ ನಿಂತರೆ ಅದು ಪೆಟ್ಟಿಗೆಯ ರತ್ನ. ಒಂದು ಇಂಚಿಗೆ 25.4 ಮಿಲಿಮೀಟರು, ಐದು ಇಂಚಿಗೆ ಸರಿಯಾಗಿ 127. ಇಂಚಿನ ಲೆಕ್ಕದ ಹಳೆಯ ಲೇತಿನಲ್ಲಿ ಮಿಲಿಮೀಟರಿನ ಮರೆಯನ್ನು ಕರಾರುವಾಕ್ಕಾಗಿ ಕೊರೆಯಲು ಈ ಚಕ್ರವೇ ಸೇತುವೆ. 1956ರ ಕಾಯಿದೆಯಿಂದ ದೇಶವು ಮೆಟ್ರಿಕ್ ಅಳತೆಗೆ ತಿರುಗಿದಾಗ, ಇಂಚಿನ ಲೇತುಗಳು ಮೂಲೆಗೆ ಬೀಳದೆ ದುಡಿಯಲು ಇಂಥ ಚಕ್ರಗಳು ದಾರಿಯಾದವು.

ಹರಿಹರದಲ್ಲಿ 1941ರಲ್ಲಿ ಆರಂಭವಾಗಿ ನಾಡಿಗೆಲ್ಲ ಲೇತ್ ಒದಗಿಸಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಈಗ ಬಾಗಿಲು ಮುಚ್ಚಿದೆ. ಅದರ ಯಂತ್ರಕ್ಕೆ ಹೊಂದುವ ಬಿಡಿಭಾಗವನ್ನು ಒಮ್ಮೆ ಮಾರಿಬಿಟ್ಟರೆ ಮತ್ತೆ ದೊರಕಿಸುವುದು ಸುಲಭವಲ್ಲ.

ಹಾಗೆಂದು ಹಳೆಯದೆಲ್ಲವೂ ಪೂಜ್ಯವಲ್ಲ. ಬಿರುಕು ಬಿಟ್ಟ ಚಕ್ಕನ್ನು ವೇಗದಲ್ಲಿ ತಿರುಗಿಸಿದರೆ ಅದು ಸಿಡಿದು ಪ್ರಾಣಕ್ಕೇ ಎರವಾದೀತು. ಅದನ್ನು ಮಾತ್ರ ನಿಸ್ಸಂಕೋಚವಾಗಿ ಗುಜರಿಗೆ ಕೊಡಬಹುದು. ಕೀಲಿಯನ್ನು ಚಕ್ಕಿನಲ್ಲೇ ಬಿಟ್ಟು ಯಂತ್ರ ಚಾಲೂ ಮಾಡುವ ಮರೆವೂ ಅಷ್ಟೇ ಘಾತುಕ.

ಕಬ್ಬಿಣಕ್ಕೆ ಹಿಡಿದ ತುಕ್ಕನ್ನು ಎಣ್ಣೆ ಬಿಡಿಸೀತು. ಹೇಳದೆ ಕೇಳದೆ ಹೋದ ವಿದ್ಯೆಯನ್ನು ಬಿಡಿಸಿ ತರುವ ಎಣ್ಣೆ ಯಾವ ಅಂಗಡಿಯಲ್ಲೂ ಇಲ್ಲ. ಪೆಟ್ಟಿಗೆಯ ಒಡೆಯ ಬದುಕಿರುವಾಗಲೇ ಮಗನು ಪಕ್ಕದಲ್ಲಿ ಕುಳಿತು, "ಅಪ್ಪಾ, ಇದೇನು?" ಎಂದು ಒಂದೊಂದನ್ನೂ ಕೇಳಿ ಸೀಸದ ಕಡ್ಡಿಯಿಂದ ಹೆಸರು ಬರೆದಿಟ್ಟರೆ, ತಕ್ಕಡಿಯವನು ಬರಿಗೈಯಲ್ಲಿ ಹಿಂದಿರುಗುತ್ತಾನೆ.