ಮನೆ ಕಟ್ಟಿ ನೋಡು

2014ರ ಫೆಬ್ರವರಿಯಲ್ಲಿ ಪ್ರಕಟವಾದ ‘ಬ್ಯಾನಿಷ್ಡ್’ ಎಂಬ ಗಣಕಯಂತ್ರದ ಆಟವು ಲೂಕ್ ಹೊಡೊರೊವಿಚ್ ಎಂಬವರೊಬ್ಬರ ಏಕಾಂಗಿ ಸೃಷ್ಟಿ. ಅದರಲ್ಲಿ ಗೆಲ್ಲಬೇಕಾದ ಶತ್ರುಸೈನ್ಯವಿಲ್ಲ, ಚಲಾವಣೆಯ ನಾಣ್ಯವೂ ಇಲ್ಲ. ಸ್ವಸ್ಥಾನದಿಂದ ಬಹಿಷ್ಕೃತರಾಗಿ ಅರಣ್ಯಮಧ್ಯದಲ್ಲಿ ಬಂದು ನಿಂತ ಕೆಲವೇ ಸಂಸಾರಗಳಿಗೆ ನೆಲೆ ಕಲ್ಪಿಸಿ, ಚಳಿಗಾಲದ ಮೇಲೆ ಚಳಿಗಾಲವನ್ನು ದಾಟಿಸುವುದಷ್ಟೇ ಆಡುವವನ ಕರ್ತವ್ಯ. ಅನ್ನ, ಸೌದೆ, ಬಟ್ಟೆಗಳ ಸಂಗ್ರಹವೇ ಇಲ್ಲಿನ ಮುಖ್ಯ ವಿದ್ಯೆಯೆಂದು ಮೊದಲ ನೋಟಕ್ಕೆ ತೋರುವುದು ಸಹಜವಾದರೂ, ಊರುಗಳು ಹಾಳಾಗುವುದು ಬಹುಮಟ್ಟಿಗೆ ವಯಸ್ಸಿನ ಲೆಕ್ಕ ತಪ್ಪಿದ್ದರಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮನೆ ಕಟ್ಟುವುದು, ಮದುವೆ ಮಾಡುವುದು ಎಂದು ನಮ್ಮ ಗಾದೆಯು ಬೇರೆಬೇರೆಯಾಗಿ ಎಣಿಸಿದ ಎರಡು ಕಷ್ಟಗಳು ಈ ಆಟದಲ್ಲಿ ಒಂದೇ ಆಗಿಬಿಟ್ಟಿವೆ. ಬರಿದಾದ ಮನೆಯೊಂದು ದೊರೆತಲ್ಲದೆ ತರುಣ ತರುಣಿಯರು ತಂದೆತಾಯಿಗಳ ಮನೆಯನ್ನು ಬಿಟ್ಟು ಹೊಸ ಸಂಸಾರ ಹೂಡುವುದಿಲ್ಲ. ಸಂಸಾರ ಹೂಡದೆ ಸಂತಾನವಿಲ್ಲ. 16 ದಿಮ್ಮಿ, 8 ಕಲ್ಲುಗಳಿಂದ ಏಳುವ ಮರದ ಮನೆಯೊಂದರಲ್ಲಿ ವೃದ್ಧೆಯೊಬ್ಬಳು ಒಂಟಿಯಾಗಿ ಉಳಿದಿರುವಾಗಲೇ, ಪಕ್ಕದ ಮನೆಯಲ್ಲಿ ಪ್ರಾಯಕ್ಕೆ ಬಂದ ಮಕ್ಕಳು ಒತ್ತೊತ್ತಾಗಿ ಕಾಲ ಕಳೆಯುತ್ತಿರುತ್ತಾರೆ. ಕಣಜ ತುಂಬಿದೆಯೆಂಬ ನೆಮ್ಮದಿಯಲ್ಲಿ ಮನೆ ಕಟ್ಟುವುದನ್ನು ನಿಲ್ಲಿಸಿದ ಊರಿನಲ್ಲಿ, ಆಟದ ಒಂದು ವರ್ಷಕ್ಕೆ ಮನುಷ್ಯನ ವಯಸ್ಸು ಸುಮಾರು 5 ವರ್ಷ ಏರುವುದರಿಂದ, ಮುಪ್ಪು ಶೀಘ್ರವಾಗಿಯೇ ಮುತ್ತುತ್ತದೆ; ದುಡಿಯುವವರು ಒಬ್ಬೊಬ್ಬರಾಗಿ ತೀರಿಹೋಗಿ, ಪೈರು ಕೊಯ್ಯುವವರಿಲ್ಲದೆ ಹೊಲದಲ್ಲಿಯೇ ಚಳಿಗೆ ಸಿಕ್ಕಿ ನಾಶವಾಗುತ್ತದೆ.

ಇದಕ್ಕೆ ಹೆದರಿ ಒಂದೇ ಬೇಸಿಗೆಯಲ್ಲಿ ಹತ್ತಾರು ಮನೆಗಳನ್ನು ಎಬ್ಬಿಸುವವನ ಗತಿಯೂ ಸುಖಕರವಲ್ಲ. ದಂಪತಿಗಳೆಲ್ಲರೂ ಏಕಕಾಲಕ್ಕೆ ಮನೆ ಹೊಕ್ಕರೆ ಶಿಶುಗಳೂ ಏಕಕಾಲಕ್ಕೆ ಹುಟ್ಟುತ್ತವೆ. ಶಿಶುವಿನ ಪಾಲಿನ ಅನ್ನ ಅಂದಿನಿಂದಲೇ ವ್ಯಯವಾದರೆ, ಅದರ ದುಡಿಮೆ ಹತ್ತು ವರ್ಷ ತುಂಬಿದ ಮೇಲೆ, ಶಾಲೆಗೆ ಸೇರಿಸಿದರಂತೂ ಇನ್ನೂ ತಡವಾಗಿ, ಊರಿಗೆ ದಕ್ಕುವುದು. ಜನಸಂಖ್ಯೆ ಗುಣೋತ್ತರ ಶ್ರೇಢಿಯಲ್ಲಿಯೂ ಆಹಾರ ಸಮಾಂತರ ಶ್ರೇಢಿಯಲ್ಲಿಯೂ ಬೆಳೆಯುವುವೆಂದು 1798ರಲ್ಲಿ ವಾದಿಸಿದ ಮಾಲ್ಥಸನನ್ನು ಇಲ್ಲಿ ಅನೇಕರು ನೆನೆಯಬಹುದು. ಆದರೆ ಇಲ್ಲಿನ ಕ್ಷಾಮಕ್ಕೆ ಭೂಮಿಯ ಜಿಪುಣತನ ಕಾರಣವಲ್ಲ. ಉಣ್ಣುವ ಕಾಲಕ್ಕೂ ದುಡಿಯುವ ಕಾಲಕ್ಕೂ ನಡುವಣ ಅಂತರವನ್ನು ಆಳುವವನು ಗಣಿಸದೆ ಹೋದದ್ದೇ ಕಾರಣ. ಒಂದೇ ಪ್ರಾಯದ ಆ ಪೀಳಿಗೆ ಹೇಗೋ ಬದುಕಿ ಉಳಿದರೂ, ಮುಂದೊಂದು ದಿನ ಎಲ್ಲರೂ ಒಟ್ಟಿಗೇ ಮುದುಕರಾಗುತ್ತಾರೆಂಬುದನ್ನು ಮರೆಯಲಾಗದು. ಆದುದರಿಂದ ಪ್ರತಿವರ್ಷವೂ ತಪ್ಪದೆ ಕೆಲವೇ ಮನೆಗಳನ್ನು ಕಟ್ಟುತ್ತ, ಬಾಲ್ಯ ಯೌವನ ವಾರ್ಧಕ್ಯಗಳು ಊರಿನಲ್ಲಿ ಸದಾ ಬೆರೆತಿರುವಂತೆ ನೋಡಿಕೊಳ್ಳುವುದೇ ಉತ್ತಮವಾದ ಮಾರ್ಗ.

ಕಾಡಿನ ವಿಚಾರದಲ್ಲಿಯೂ ಇದೇ ಎಚ್ಚರ ಬೇಕು. ಗೆಡ್ಡೆ, ಬೆರ್ರಿ, ಅಣಬೆಗಳು ಬಲಿತ ಮರಗಳ ನೆರಳಿನಲ್ಲಿ ಬೆಳೆಯುವುದರಿಂದ, ಅವನ್ನು ಆಯುವವರ ಗುಡಿಸಲಿನ ಸುತ್ತ ದಿಮ್ಮಿಯ ಆಸೆಗೆ ಮರ ಕಡಿಸಿದವನು ಉಣ್ಣುವ ತಟ್ಟೆಗೇ ಕೈಹಾಕಿದಂತೆ. ಕುಲುಮೆಯನ್ನಂತೂ ಯಾರೂ ಅಲಕ್ಷಿಸಬಾರದು: ಕೊಡಲಿ ಸವೆದು, ಬದಲಿಗೆ ಹೊಸದು ದೊರೆಯದಿದ್ದರೆ ಮರ ಕಡಿಯುವವನ ಕೆಲಸ ಕುಂಟುತ್ತದೆ, ಅವನು ಕುಂಟಿದರೆ ಕಮ್ಮಾರನಿಗೆ ದಿಮ್ಮಿಯಿಲ್ಲ, ದಿಮ್ಮಿಯಿಲ್ಲದೆ ಕೊಡಲಿಯಿಲ್ಲ.

ಊರು ಇಷ್ಟು ನೆಲೆಗೊಂಡ ಮೇಲೆ ಒಮ್ಮೆ ಅಲೆಮಾರಿಗಳ ತಂಡ ಬಂದು ಆಶ್ರಯ ಬೇಡುತ್ತದೆ. ಅವರು ಅವಿದ್ಯಾವಂತರು, ರೋಗವನ್ನೂ ಹೊತ್ತು ತರಬಲ್ಲರು, ಆದುದರಿಂದ ಅವರನ್ನು ಹಿಂದಕ್ಕೆ ಕಳುಹಿಸುವುದೇ ಲೇಸೆನ್ನುವವರುಂಟು. ಕಣಜದಲ್ಲಿ ವರ್ಷಕ್ಕಾಗುವಷ್ಟು ಧಾನ್ಯವೂ, ಊರಿನಲ್ಲಿ ಆಸ್ಪತ್ರೆಯೂ, ಒಂದೆರಡು ಖಾಲಿ ಮನೆಗಳೂ ಇದ್ದರೆ, ಒಂದು ಕಾಲಕ್ಕೆ ತಾನೂ ಬಹಿಷ್ಕೃತವಾಗಿಯೇ ಬಂದ ಈ ಊರು ಅವರನ್ನು ಒಳಗೆ ಕರೆದುಕೊಳ್ಳತಕ್ಕದ್ದೆಂದು ನಾನು ಹೇಳುತ್ತೇನೆ.